ಬೀಗ ತೆರೆಯುವವಳ ಸರದಿ

ಹೊಸ ಆಟ ಶುರುವಾಗುವ ಮೊದಲು ಪಾತ್ರ ಕಟ್ಟಲು ಕೂತಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಈ ಕ್ಲಾಸ್ ತಗೊಂಡ್ರೆ ನಿಮ್ಮ ಕಥೆಯಲ್ಲಿ ನನಗೆ ಕೆಲಸ ಇರತ್ತಾ?” ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳನ್ನು ಆಡುವವರು ಕೇಳುವ ಪ್ರಶ್ನೆಗಳಲ್ಲಿ ನನಗೆ ಇದರಷ್ಟು ಮುಖ್ಯವಾದದ್ದು ಇನ್ನೊಂದಿಲ್ಲ. ಯೋಧನ ಪಾತ್ರ ತೆಗೆದುಕೊಳ್ಳುವವರು ಇದನ್ನು ಕೇಳುವುದಿಲ್ಲ. ಹೊಡೆದಾಟ ಎಲ್ಲ ಕಥೆಯಲ್ಲೂ ಬಂದೇ ಬರುತ್ತದೆ ಎಂದು ಅವರಿಗೆ ಗೊತ್ತು. ಕೇಳುವವರ ಮನಸ್ಸಿನಲ್ಲಿ ಇರುವುದು ಕಾಡು ಬಲ್ಲ ಬೇಟೆಗಾರ, ಬೀಗ ತೆರೆಯುವ ಕಳ್ಳಿ, ಪ್ರೇತಗಳನ್ನು ಓಡಿಸುವ ಅರ್ಚಕ ಅಥವಾ ಕಂಪ್ಯೂಟರ್ ಜಾಲಕ್ಕೆ ನುಗ್ಗುವ ಹ್ಯಾಕರ್. ಒಂದೇ ಕೆಲಸದಲ್ಲಿ ಪಳಗಿದ ಪಾತ್ರಗಳಿವು. ಆ ಕೆಲಸ ಬಂದ ದಿನ ಅವರದೇ ದರ್ಬಾರು. ಬಾರದಿದ್ದರೆ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಆಡಿ ಗೊತ್ತಿಲ್ಲದವರಿಗಾಗಿ ಎರಡು ಮಾತು. ಮೇಜಿನ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಆಟ ನಡೆಸುವವರು ಒಬ್ಬರು, ಅವರನ್ನು ಡಿಎಂ ಅನ್ನುತ್ತೇವೆ. ಊರು, ಕಾಡು, ಶತ್ರು, ಮಳೆ ಎಲ್ಲವೂ ಅವರ ಬಾಯಲ್ಲಿ. ಉಳಿದವರಿಗೆ ತಲಾ ಒಂದು ಪಾತ್ರ. ನನ್ನ ಪಾತ್ರ ಹೀಗೆ ಮಾಡುತ್ತದೆ ಎಂದು ಹೇಳುವುದು, ಆಗುತ್ತದೋ ಇಲ್ಲವೋ ಎಂಬ ಅನುಮಾನ ಇದ್ದಲ್ಲಿ ದಾಳ ಉರುಳಿಸುವುದು, ಆಟ ಇಷ್ಟೇ. ಕ್ಲಾಸ್ ಎಂದರೆ ಪಾತ್ರದ ಕಸುಬು. ಏನು ಬರುತ್ತದೆ, ಏನು ಬರುವುದಿಲ್ಲ, ಮುಂದಿನ ಲೆವೆಲ್‌ನಲ್ಲಿ ಏನು ಸಿಗುತ್ತದೆ ಎಂಬುದೆಲ್ಲ ಅದರಲ್ಲೇ ಇರುತ್ತದೆ. ಈ ಕಸುಬುಗಳು ಒಂದಕ್ಕೊಂದು ಸರಿತೂಗಬೇಕು, ಮೇಜಿನಲ್ಲಿ ಯಾರೂ ಸುಮ್ಮನೆ ಕೂರುವಂತಾಗಬಾರದು. ಬ್ಯಾಲೆನ್ಸ್ ಎನ್ನುವುದು ಇದಕ್ಕೇ.

ಆದರೆ ಬ್ಯಾಲೆನ್ಸ್ ವಿಷಯಕ್ಕೆ ಬಂದರೆ ಮಾತೆಲ್ಲ ಶಕ್ತಿಯ ಸುತ್ತಲೇ ತಿರುಗುತ್ತದೆ. ಯಾರ ಏಟು ಎಷ್ಟು, ಯಾರ ಮಂತ್ರ ಎಷ್ಟು ದೂರ ಹೋಗುತ್ತದೆ. ಎಲ್ಲ ಕಡೆ ಸಲ್ಲುವ ಕ್ಲಾಸ್‌ಗಳಿಗೆ ಈ ಲೆಕ್ಕ ಸಾಕು. ಒಂದೇ ಕೆಲಸಕ್ಕೆ ಮೀಸಲಾದ ಕ್ಲಾಸ್‌ಗಳಿಗೆ ಸಾಲದು. ಅಲ್ಲಿ ನೋಡಬೇಕಾದದ್ದು ಬೇರೆಯೇ ಇದೆ: ಆ ಪರಿಣತಿಗೆ ಮೇಜಿನ ಮೇಲೆ ಎಷ್ಟು ಹೊತ್ತು ಸಿಗುತ್ತದೆ, ಸಿಕ್ಕಾಗ ಅದು ಆಟಗಾರರಿಗೆ ಇನ್ನಷ್ಟು ಆಟ ಕೊಡುತ್ತದೋ ಅಥವಾ ಇದ್ದ ಆಟವನ್ನೂ ಮುಗಿಸಿಬಿಡುತ್ತದೋ. ಎರಡನೆಯದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ನನಗೆ ಅದೇ ದೊಡ್ಡದು.

ಕಳ್ಳನಿಂದಲೇ ಶುರು ಮಾಡುತ್ತೇನೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದಲ್ಲಿ ಇದ್ದದ್ದು ಮೂರೇ ಕ್ಲಾಸ್: ಫೈಟಿಂಗ್ ಮ್ಯಾನ್ (ಯೋಧ), ಮ್ಯಾಜಿಕ್ ಯೂಸರ್ (ಮಾಂತ್ರಿಕ), ಕ್ಲೆರಿಕ್ (ಅರ್ಚಕ). ಥೀಫ್ ಬಂದದ್ದು ಮರುವರ್ಷ, ಗ್ರೇಹಾಕ್ ಎಂಬ ಪೂರಕ ಪುಸ್ತಕದಲ್ಲಿ. ಬೀಗ ತೆರೆಯುವುದು, ಟ್ರ್ಯಾಪ್ ತೆಗೆಯುವುದು, ಸದ್ದಿಲ್ಲದೆ ನಡೆಯುವುದು, ನೆರಳಲ್ಲಿ ಅಡಗುವುದು ಎಲ್ಲ ಈ ಹೊಸಬನ ಪಾಲಾಯಿತು. ಹಾಗಾದರೆ ಅದಕ್ಕೂ ಮೊದಲು ಟ್ರ್ಯಾಪ್ ಹುಡುಕುತ್ತಿದ್ದವರು ಯಾರು? ಎಲ್ಲರೂ. 1974ರ ಸಾಮಾನಿನ ಪಟ್ಟಿಯಲ್ಲಿ ಹತ್ತು ಅಡಿ ಉದ್ದದ ಕೋಲಿತ್ತು. ಅದನ್ನು ಹಿಡಿದು ನೆಲ ತಟ್ಟುತ್ತೇನೆ, ಕಲ್ಲುಗಳ ಸಂದಿಗೆ ನೀರು ಸುರಿದು ಎಲ್ಲಿ ಇಂಗುತ್ತದೆ ನೋಡುತ್ತೇನೆ, ಪೆಟ್ಟಿಗೆಯ ಮುಚ್ಚಳವನ್ನು ದೂರ ನಿಂತು ಹಗ್ಗದಿಂದ ಎಳೆಯುತ್ತೇನೆ ಎಂದು ಆಟಗಾರರು ಬಾಯಿಬಿಟ್ಟು ಹೇಳುತ್ತಿದ್ದರು, ಡಿಎಂ ಅದಕ್ಕೆ ಉತ್ತರಿಸುತ್ತಿದ್ದರು. ಕಬ್ಬಿಣ ತೊಟ್ಟ ಯೋಧನಿಗೂ ಅಲ್ಲಿ ಬುದ್ಧಿ ಓಡಿಸಲು ಜಾಗವಿತ್ತು.

ಥೀಫ್ ಬಂದ ಮೇಲೆ ಆ ಕೆಲಸಕ್ಕೆ ಒಬ್ಬ ಒಡೆಯ ಹುಟ್ಟಿಕೊಂಡ. ಪಾತ್ರದ ವಿವರವೆಲ್ಲ ಒಂದು ಹಾಳೆಯಲ್ಲಿರುತ್ತದೆ; ಅವನ ಹಾಳೆಯಲ್ಲಿ ಬರೆದದ್ದು ಉಳಿದವರ ಹಾಳೆಯಲ್ಲಿಲ್ಲ. ಅಂದರೆ ಉಳಿದವರಿಗೆ ಅದು ಬರುವುದಿಲ್ಲ ಎಂದೇ ಜನ ಓದಿಕೊಂಡರು. ನಿಯಮದಲ್ಲಿ ಎಲ್ಲೂ ಹಾಗೆಂದು ಬರೆಯದಿದ್ದರೂ ಮೇಜಿನಲ್ಲಿ ಆಗುವುದು ಹೀಗೆಯೇ. ಒಬ್ಬರಿಗೆ ಒಂದು ಪರಿಣತಿ ಬರೆದುಕೊಟ್ಟಿರಿ ಎಂದರೆ ಉಳಿದವರ ಕೈಯಿಂದ ಅದನ್ನು ಕಿತ್ತುಕೊಂಡಂತೆ. ಹೊಸ ಕ್ಲಾಸ್ ಬರೆಯಲು ಕೂರುವವರು ಮೊದಲು ಕೇಳಿಕೊಳ್ಳಬೇಕಾದದ್ದು ಇದು: ಇಲ್ಲಿಯವರೆಗೆ ಎಲ್ಲರೂ ಮಾಡುತ್ತಿದ್ದ ಏನನ್ನು ನಾನು ಈಗ ಒಬ್ಬರಿಗೆ ಬೀಗ ಹಾಕಿ ಕೊಡುತ್ತಿದ್ದೇನೆ?

ಹೋಗಲಿ, ಕೆಲಸದ ಒಡೆತನ ಸಿಕ್ಕ ಥೀಫ್ ಆದರೂ ಸುಖವಾಗಿದ್ದನೇ? ಅದೇ ಆಟದ 1981ರ ಬೇಸಿಕ್ ಮತ್ತು ಎಕ್ಸ್‌ಪರ್ಟ್ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡೋಣ. ಮೊದಲ ಲೆವೆಲ್‌ನ ಥೀಫ್ ಬೀಗ ತೆರೆಯುವ ಸಾಧ್ಯತೆ ಶೇ. 15. ಟ್ರ್ಯಾಪ್ ಪತ್ತೆ ಹಚ್ಚುವುದು ಶೇ. 10. ನೆರಳಲ್ಲಿ ಅಡಗುವುದು ಶೇ. 10. ಗೋಡೆ ಹತ್ತುವುದೊಂದು ಮಾತ್ರ ಶೇ. 87. ಬೀಗದ ವಿಷಯದಲ್ಲಿ ಇನ್ನೂ ಒಂದು ಕಟ್ಟು: ಒಮ್ಮೆ ಸೋತರೆ ಮುಂದಿನ ಲೆವೆಲ್ ತಲುಪುವವರೆಗೆ ಅದೇ ಬೀಗಕ್ಕೆ ಮತ್ತೆ ಕೈ ಹಾಕುವಂತಿಲ್ಲ. ಊರಿಗೆಲ್ಲ ಒಬ್ಬನೇ ಬೀಗದವನು, ಅವನ ಕೈಯಲ್ಲಿ ನೂರರಲ್ಲಿ ಎಂಬತ್ತೈದು ಬೀಗ ತೆರೆಯುವುದಿಲ್ಲ.

ಇದಕ್ಕೆ ಆ ಕಾಲದ ಪರಿಹಾರ ಅನುಭವದ ಅಂಕಗಳಲ್ಲಿತ್ತು. ಥೀಫ್ ಎರಡನೇ ಲೆವೆಲ್‌ಗೆ ಏರಲು 1,200 ಅಂಕ ಸಾಕು; ಯೋಧನಿಗೆ 2,000, ಮಾಂತ್ರಿಕನಿಗೆ 2,500. ದುರ್ಬಲ ಕಸುಬಿನವನು ಬೇಗ ಮೇಲೇರಲಿ ಎಂಬ ಯೋಚನೆ. ಕೇಳಲು ನ್ಯಾಯವಾಗಿದೆ. ಆದರೆ ಇಬ್ಬರ ಬಳಿಯೂ 5,000 ಅಂಕ ಕೂಡಿದ ಹೊತ್ತಿಗೆ ಏನಾಗಿರುತ್ತದೆ ನೋಡಿ. ಥೀಫ್ ನಾಲ್ಕನೇ ಲೆವೆಲ್‌ನಲ್ಲಿದ್ದಾನೆ, ಬೀಗ ತೆರೆಯುವ ಸಾಧ್ಯತೆ ಶೇ. 30. ಮಾಂತ್ರಿಕ ಆಗಷ್ಟೇ ಮೂರನೇ ಲೆವೆಲ್ ಮುಟ್ಟಿದ್ದಾನೆ, ಅವನಿಗೆ ನಾಕ್ ಎಂಬ ಮಂತ್ರ ಕಲಿಯುವ ಅರ್ಹತೆ ಬಂದಿದೆ. ನಾಕ್ ಹೇಳಿದರೆ ಬೀಗ ತೆರೆಯುತ್ತದೆ. ದಾಳವಿಲ್ಲ, ಶೇಕಡಾವಾರಿಲ್ಲ. ದಿನಕ್ಕೆ ಒಮ್ಮೆ ಮಾತ್ರ, ನಿಜ. ಆದರೆ ಒಂದು ದಿನದ ಕಥೆಯಲ್ಲಿ ತೆರೆಯಲೇಬೇಕಾದ ಬೀಗ ಇರುವುದೂ ಒಂದೋ ಎರಡೋ. ಬದುಕೆಲ್ಲ ಅದೇ ಕಸುಬು ಮಾಡಿದವನ ಕೆಲಸವನ್ನು ಇನ್ನೊಬ್ಬ ಬಿಡುವಿನ ವೇಳೆಯಲ್ಲಿ, ಅವನಿಗಿಂತ ಚೆನ್ನಾಗಿ ಮಾಡಿ ಮುಗಿಸುತ್ತಾನೆ. ಥೀಫ್ ಆಡುವವರ ಮನಸ್ಸಿಗೆ ತಾಗುವುದು ಇದು. ತನ್ನ ಏಟು ಕಡಿಮೆ ಎಂಬುದಕ್ಕೆ ಅವರು ತಲೆ ಕೆಡಿಸಿಕೊಂಡದ್ದನ್ನು ನಾನು ಕಂಡಿಲ್ಲ.

2014ರ ಐದನೇ ಆವೃತ್ತಿಯಲ್ಲಿ ಈ ಮಂತ್ರಕ್ಕೆ ಒಂದು ವಾಕ್ಯ ಸೇರಿದೆ: ನಾಕ್ ಹೇಳಿದಾಗ ದೊಡ್ಡದಾಗಿ ಬಾಗಿಲು ಬಡಿದ ಸದ್ದಾಗುತ್ತದೆ, 300 ಅಡಿ ದೂರದವರೆಗೂ ಅದು ಕೇಳಿಸುತ್ತದೆ. ಆ ಇಡೀ ಪುಸ್ತಕದಲ್ಲಿ ನನಗೆ ಅತಿ ಇಷ್ಟವಾದ ಸಾಲುಗಳಲ್ಲಿ ಇದೂ ಒಂದು. ಈ ಸಾಲು ಮಂತ್ರದ ಶಕ್ತಿಯನ್ನು ಎಳ್ಳಷ್ಟೂ ಕಡಿಮೆ ಮಾಡುವುದಿಲ್ಲ. ಬೀಗ ಈಗಲೂ ತೆರೆಯುತ್ತದೆ. ಆದರೆ ಬೀಗ ತೆರೆಯುವುದಕ್ಕೂ ಯಾರಿಗೂ ಗೊತ್ತಾಗದಂತೆ ಬೀಗ ತೆರೆಯುವುದಕ್ಕೂ ನಡುವೆ ಒಂದು ಅಂತರ ಹುಟ್ಟಿತು, ಆ ಅಂತರದಲ್ಲಿ ಕಳ್ಳಿಗೆ ಕಾಲೂರಲು ಜಾಗ ಸಿಕ್ಕಿತು. ಈಗ ತಂಡ ಬಾಗಿಲ ಮುಂದೆ ನಿಂತು ಯೋಚಿಸಬೇಕು. ಹೊತ್ತಿಲ್ಲವೆಂದರೆ ಮಂತ್ರ, ಗುಟ್ಟು ಬೇಕೆಂದರೆ ಕಳ್ಳಿ. ಸರಿತೂಗಿಸುವುದು ಎಂದರೆ ಹೀಗೆ.

ಇನ್ನು ಸರಾಸರಿಯ ವಿಷಯ. ವಿಶೇಷ ಪರಿಣತಿಯ ಕ್ಲಾಸ್ ಬರೆಯುವವರೆಲ್ಲ ಒಮ್ಮೆಯಾದರೂ ಮಾಡುವ ಲೆಕ್ಕವೊಂದಿದೆ. ಸಾಮಾನ್ಯ ಯೋಧನ ಏಟು ಎಲ್ಲೆಡೆ 10 ಎಂದಿಟ್ಟುಕೊಳ್ಳಿ. ಪ್ರೇತಬೇಟೆಗಾರನ ಏಟು ಪ್ರೇತಗಳ ಮೇಲೆ 18, ಉಳಿದವರ ಮೇಲೆ 8. ಐದು ಕಾಳಗಗಳಲ್ಲಿ ಒಂದು ಪ್ರೇತಗಳದ್ದಾದರೆ ನಾಲ್ಕು ಎಂಟಲೆ ಮೂವತ್ತೆರಡು, ಜೊತೆಗೆ ಹದಿನೆಂಟು, ಒಟ್ಟು ಐವತ್ತು. ಐದರಿಂದ ಭಾಗಿಸಿದರೆ 10. ಇಬ್ಬರೂ ಸಮ. ಕಾಗದದ ಮೇಲೆ ಇದರಲ್ಲಿ ಒಂದು ತಪ್ಪೂ ಇಲ್ಲ.

ಆದರೆ ಸರಾಸರಿ ಕಥೆ ಎಂಬುದನ್ನು ಯಾರೂ ಆಡುವುದಿಲ್ಲ. ಒಂದು ಮೇಜಿನಲ್ಲಿ ಕಥೆಯೆಲ್ಲ ಹಳೆಯ ಸ್ಮಶಾನದಲ್ಲೇ ನಡೆಯುತ್ತದೆ. ಅಲ್ಲಿ ಪ್ರೇತಬೇಟೆಗಾರ ದಿನವೂ 18 ಹೊಡೆಯುತ್ತಾನೆ, ಪಕ್ಕದ ಯೋಧ ತಾನೇಕೆ ಬಂದೆ ಅಂದುಕೊಳ್ಳುತ್ತಾನೆ. ಇನ್ನೊಂದು ಮೇಜಿನಲ್ಲಿ ಕಡಲ್ಗಳ್ಳರ ಕಥೆ. ಅಲ್ಲಿ ಅವನು ಕೊನೆಯವರೆಗೂ 8. ಅಕಸ್ಮಾತ್ ಎಣಿಸಿದಂತೆಯೇ ಐದರಲ್ಲಿ ಒಂದು ಬಂತು ಅನ್ನಿ, ಆಗಲೂ ನಾಲ್ಕು ಸಂಜೆ ಅವನು ಎಲ್ಲರ ಹಿಂದೆ ನಿಲ್ಲುತ್ತಾನೆ, ಒಂದು ಸಂಜೆ ಉಳಿದವರೆಲ್ಲ ಅವನ ಹಿಂದೆ ನಿಲ್ಲುತ್ತಾರೆ. ಆಡುವವರು ಮನೆಗೆ ಕೊಂಡೊಯ್ಯುವುದು ಆ ಸಂಜೆಯನ್ನು. ಆರು ತಿಂಗಳ ಸರಾಸರಿ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಇದರಲ್ಲಿ ಇನ್ನೊಂದು ಪೇಚೂ ಇದೆ: ಪರಿಣತನ ದಿನ ಎಂದರೆ ಉಳಿದವರಿಗೆ ಬಿಡುವಿನ ದಿನ. ಪರಿಣತಿ ಹರಿತವಾದಷ್ಟೂ ಎರಡೂ ಕಡೆಯ ನಷ್ಟ ಹೆಚ್ಚುತ್ತದೆ.

ಇದರ ತಿರುಗುಮುರುಗಾದ ಉದಾಹರಣೆ 2000ದ ಮೂರನೇ ಆವೃತ್ತಿಯ ರೋಗ್. ಥೀಫ್ ಕ್ಲಾಸಿನ ಹೆಸರು ಅಷ್ಟರಲ್ಲಿ ಬದಲಾಗಿತ್ತು. ಶತ್ರು ಮೈಮರೆತಾಗ ಹೊಡೆಯುವ ಸ್ನೀಕ್ ಅಟ್ಯಾಕ್ ರೋಗ್‌ನ ಜೀವಾಳ. ಆದರೆ ಪ್ರೇತಗಳು, ಯಂತ್ರಬೊಂಬೆಗಳು, ಲೋಳೆಜೀವಿಗಳು, ಗಿಡಜೀವಿಗಳು ಎದುರಾದರೆ ಅದು ನಡೆಯುತ್ತಿರಲಿಲ್ಲ. ಅವಕ್ಕೆ ಮರ್ಮಸ್ಥಾನವೇ ಇಲ್ಲ ಎಂಬುದು ಕಾರಣ. ತರ್ಕವೇನೋ ಸರಿ, ಎಲುಬಿನ ಗೂಡಿಗೆ ಎಲ್ಲಿಂದ ಮರ್ಮ? ಆದರೆ ಸತ್ತವರೆದ್ದು ಬರುವ ಊರಿನ ಕಥೆಯಲ್ಲಿ ರೋಗ್ ಆಡುವವರು ಸಂಜೆಯೆಲ್ಲ ಒಂದು ಸಣ್ಣ ಕತ್ತಿಯ ಪೆಟ್ಟು ಹಾಕುತ್ತ ಕೂರಬೇಕು. 2008ರ ನಾಲ್ಕನೇ ಆವೃತ್ತಿ ಬರುವ ಹೊತ್ತಿಗೆ ಆ ನಿರ್ಬಂಧ ಹೋಯಿತು, 2014ರಲ್ಲೂ ಮರಳಿ ಬರಲಿಲ್ಲ. ಹೋದದ್ದು ಒಳ್ಳೆಯದೇ ಆಯಿತು. ಲೋಕದ ತರ್ಕ ಕೆಡಬಾರದು ಎನ್ನುವವರ ವಾದ ನನಗೆ ಅರ್ಥವಾಗುತ್ತದೆ, ಆದರೆ ಗೆಳೆಯರೊಬ್ಬರು ವಾರಗಟ್ಟಲೆ ಸುಮ್ಮನೆ ಕೂರುವ ಬೆಲೆ ತೆತ್ತು ಉಳಿಸಿಕೊಳ್ಳುವಷ್ಟು ದೊಡ್ಡದಲ್ಲ ಆ ತರ್ಕ.

ನಾಲ್ಕನೇ ಆವೃತ್ತಿಯ ಹೆಸರು ಬಂದದ್ದರಿಂದ ಒಂದು ಮಾತು. ಎಲ್ಲ ಕ್ಲಾಸ್‌ಗೂ ಒಂದೇ ಅಚ್ಚು, ಯಾವಾಗಲೂ ಬಳಸುವ ಶಕ್ತಿಗಳು, ಕಾಳಗಕ್ಕೊಮ್ಮೆ ಬಳಸುವವು, ದಿನಕ್ಕೊಮ್ಮೆ ಬಳಸುವವು. ಡಿಫೆಂಡರ್ (ತಡೆಯುವವರು), ಸ್ಟ್ರೈಕರ್ (ಹೊಡೆಯುವವರು), ಲೀಡರ್ (ತಂಡಕ್ಕೆ ಬಲ ತುಂಬುವವರು), ಕಂಟ್ರೋಲರ್ (ಶತ್ರುಗಳನ್ನು ಹತೋಟಿಯಲ್ಲಿಡುವವರು) ಎಂದು ಕಾಳಗದಲ್ಲಿ ನಾಲ್ಕು ಹೊಣೆಗಳು. ಎಲ್ಲವೂ ಒಂದೇ ಥರ ಆಯಿತು ಎಂದು ಜನ ಅದನ್ನು ಬಯ್ದರು. ನನಗೆ ಅದರ ಮೇಲೆ ಗೌರವವಿದೆ. ಮೇಜಿನ ಹೊತ್ತಿನ ಬಹುಪಾಲು ಕಾಳಗಕ್ಕೇ ಹೋಗುತ್ತದೆ ಎಂದಾದರೆ ಕಾಳಗದಲ್ಲಿ ಎಲ್ಲರಿಗೂ ಕೈತುಂಬ ಕೆಲಸ ಇರಲೇಬೇಕು ಎಂಬ ಸತ್ಯವನ್ನು ಅದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿತು. ಕಾಳಗದ ಆಚೆಗೆ ಏನು ಎಂಬುದಕ್ಕೆ ಅದರ ಬಳಿ ಅಷ್ಟು ಒಳ್ಳೆಯ ಉತ್ತರ ಇರಲಿಲ್ಲ, ಅಷ್ಟೇ.

ಹ್ಯಾಕರ್‌ಗಳ ಕಥೆ ಇನ್ನೂ ಕಷ್ಟದ್ದು. ಸೈಬರ್‌ಪಂಕ್ 2020 ಎಂಬ ಆಟ ಬಂದದ್ದು 1990ರಲ್ಲಿ, ಶ್ಯಾಡೋರನ್ ಎಂಬ ಆಟ ಅದಕ್ಕೂ ಒಂದು ವರ್ಷ ಮೊದಲು. ಒಂದರಲ್ಲಿ ಹ್ಯಾಕರ್‌ನ ಹೆಸರು ನೆಟ್‌ರನ್ನರ್, ಇನ್ನೊಂದರಲ್ಲಿ ಡೆಕರ್. ಇಬ್ಬರೂ ಜಾಲದೊಳಗೆ ಇಳಿದರೆ ಅಲ್ಲಿ ಅವರದೇ ಒಂದು ಲೋಕ, ಅವರದೇ ಶತ್ರುಗಳು, ಅವರದೇ ನಿಯಮಗಳು. ಓದುವಾಗ ಮೈ ನವಿರೇಳುತ್ತದೆ. ಆಡಿಸುವಾಗ ಡಿಎಂ ಮತ್ತು ಆ ಒಬ್ಬ ಆಟಗಾರ ಎದುರುಬದುರು ಕೂತು ಮುಕ್ಕಾಲು ಗಂಟೆ ಪ್ರತ್ಯೇಕ ಆಟ ಆಡುತ್ತಾರೆ, ಉಳಿದ ಮೂವರು ಫೋನ್ ನೋಡುತ್ತಾರೆ. ಇಲ್ಲಿ ಶಕ್ತಿಯ ತಕರಾರು ಒಂದಿಷ್ಟೂ ಇಲ್ಲ. ಹ್ಯಾಕರ್ ಬಲಶಾಲಿಯೂ ಅಲ್ಲ, ದುರ್ಬಲನೂ ಅಲ್ಲ. ಅವನು ಬೇರೆ ಕಡೆ ಇದ್ದಾನೆ, ಅಷ್ಟೇ. ಬೇಸತ್ತ ಡಿಎಂಗಳು ಹ್ಯಾಕರ್ ಪಾತ್ರವೇ ಬೇಡ, ಆ ಕೆಲಸಕ್ಕೆ ಕಥೆಯಲ್ಲೇ ಯಾರನ್ನಾದರೂ ಬಾಡಿಗೆಗೆ ತರೋಣ ಎಂದುಬಿಡುತ್ತಾರೆ. ಒಂದು ಕ್ಲಾಸ್‌ಗೆ ಇದಕ್ಕಿಂತ ದೊಡ್ಡ ಸೋಲು ಏನಿದೆ?

2020ರಲ್ಲಿ ಬಂದ ಸೈಬರ್‌ಪಂಕ್ ರೆಡ್ ಇದಕ್ಕೆ ಕೊಟ್ಟ ಮದ್ದು ನೋಡಿ. ನೆಟ್‌ರನ್ನರ್ ಜಾಲಕ್ಕೆ ಇಳಿಯಬೇಕಾದರೆ ಪ್ರವೇಶದ ಜಾಗದಿಂದ 6 ಮೀಟರ್ ಒಳಗೆ ಇರಬೇಕು. ಅಂದರೆ ಎಲ್ಲೋ ಮನೆಯಲ್ಲಿ ಕೂತು ಮಾಡುವಂತಿಲ್ಲ. ಗುಂಡು ಹಾರುತ್ತಿರುವ ಅದೇ ಕಟ್ಟಡಕ್ಕೆ ಬರಬೇಕು. ಜಾಲದೊಳಗಿನ ನಡೆಗಳೂ ಹೊರಗಿನ ಕಾಳಗದ ಸುತ್ತುಗಳಲ್ಲೇ, ಅವನ ಸರದಿ ಬಂದಾಗಲೇ ನಡೆಯುತ್ತವೆ. ಒಬ್ಬಳು ಬಾಗಿಲು ಕಾಯುತ್ತಾಳೆ, ಇನ್ನೊಬ್ಬ ಗುಂಡಿಗೆ ಎದೆಯೊಡ್ಡುತ್ತಾನೆ, ನೆಟ್‌ರನ್ನರ್ ಕ್ಯಾಮೆರಾಗಳನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಾನೆ. ಮೂರೂ ಒಂದೇ ಉಸಿರಿನಲ್ಲಿ. ಹ್ಯಾಕರ್‌ಗೆ ಹೊಸ ಬಲ ಕೊಡಲಿಲ್ಲ, ಅವನನ್ನು ಕೋಣೆಯೊಳಗೆ ಕರೆತಂದರು. ಅಷ್ಟರಿಂದಲೇ ಆ ಪಾತ್ರ ಮತ್ತೆ ಆಡುವಂತಾಯಿತು.

ಈಗ ನನಗೆ ಅತಿ ಹತ್ತಿರವಾದ ಸಂಗತಿಗೆ ಬರುತ್ತೇನೆ, ರೇಂಜರ್. ಕಾಡು ಬಲ್ಲವರು, ಹೆಜ್ಜೆ ಗುರುತು ಓದುವವರು. 2014ರ ಐದನೇ ಆವೃತ್ತಿಯಲ್ಲಿ ಈ ಕ್ಲಾಸ್‌ಗೆ ನ್ಯಾಚುರಲ್ ಎಕ್ಸ್‌ಪ್ಲೋರರ್ ಎಂಬ ಗುಣವಿದೆ. ಕಾಡೋ ಮರಳುಗಾಡೋ ಬೆಟ್ಟವೋ, ತನಗೆ ಒಲಿದ ಒಂದು ನೆಲವನ್ನು ಆರಿಸಿಕೊಳ್ಳಬೇಕು. ಆ ನೆಲದಲ್ಲಿ ಪ್ರಯಾಣ ಮಾಡುವಾಗ ದುರ್ಗಮ ಹಾದಿ ತಂಡವನ್ನು ತಡೆಯುವುದಿಲ್ಲ. ಮಾಯೆಯ ಹೊರತು ಬೇರಾವುದರಿಂದಲೂ ತಂಡ ದಾರಿ ತಪ್ಪುವುದಿಲ್ಲ. ಆಹಾರ ಹುಡುಕಿದರೆ ಎರಡು ಪಟ್ಟು ಸಿಗುತ್ತದೆ. ಓದಿದರೆ ಯಾರಿಗಾದರೂ ಆಸೆಯಾಗಬೇಕು.

ಕಾಡೆಂದರೆ ಪ್ರಾಣ ಬಿಡುವ ಗೆಳತಿಯೊಬ್ಬಳು ಇಂಥ ರೇಂಜರ್ ಕಟ್ಟಿಕೊಂಡು ಬಂದಳು. ಹಾಳೆಯ ಹಿಂಬದಿಯಲ್ಲಿ ಆ ಪಾತ್ರ ಬಲ್ಲ ಅಣಬೆಗಳ ಪಟ್ಟಿ, ಹಕ್ಕಿಗಳ ಕೂಗಿನ ವಿವರ. ತಂಡ ಎಂಟು ದಿನದ ಕಾಡುದಾರಿ ಹಿಡಿಯಿತು. ಡಿಎಂ ನಿಯಮ ಓದಿ ಹೇಳಿದರು: “ಸರಿ, ನಿಮ್ಮ ಜೊತೆ ರೇಂಜರ್ ಇದ್ದಾಳೆ. ದಾರಿ ತಪ್ಪಲ್ಲ, ಊಟಕ್ಕೂ ತೊಂದರೆ ಇಲ್ಲ. ಎಂಟು ದಿನ ಕಳೀತು, ಎದುರಿಗೆ ಕೋಟೆ ಕಾಣ್ತಿದೆ.” ಮುಗಿಯಿತು. ಡಿಎಂ ನಿಯಮ ಮುರಿಯಲಿಲ್ಲ, ಪುಸ್ತಕ ಹೇಳಿದ್ದನ್ನೇ ಮಾಡಿದರು. ಆದರೆ ಯಾವ ಕಾಡಿನಲ್ಲಿ ಇರಬೇಕೆಂದು ಅವಳು ಆ ಪಾತ್ರ ಕಟ್ಟಿದ್ದಳೋ ಆ ಕಾಡು ಅವಳ ಪರಿಣತಿಯಿಂದಲೇ ಅಳಿಸಿಹೋಯಿತು. ತಂಡದಲ್ಲಿ ರೇಂಜರ್ ಇರದಿದ್ದರೆ ಅದೇ ಕಾಡಿನಲ್ಲಿ ಇಡೀ ಸಂಜೆ ಆಟ ನಡೆಯುತ್ತಿತ್ತು.

ಇಲ್ಲಿ ಶಕ್ತಿ ಕಡಿಮೆಯಾಗಿದೆ ಎನ್ನಲಾಗದು. ಇದು ನೂರಕ್ಕೆ ನೂರು ಫಲ ಕೊಡುವ ಶಕ್ತಿ. ನಾಕ್ ಮಂತ್ರದಂತೆ ದಾಳವೂ ಬೇಡ. ಅದೇ ತೊಡಕು. ಪರಿಣತಿ ಎಂದರೆ ತೊಂದರೆಯನ್ನು ಇಲ್ಲವಾಗಿಸುವುದು ಎಂದು ನಿಯಮ ಬರೆದವರು ಹಿಡಿದರು. ಆಡುವವರಿಗೆ ಬೇಕಿದ್ದದ್ದು ಆ ತೊಂದರೆಯ ಒಳಗೆ ಬೇರೆಯವರಿಗಿಂತ ಹೆಚ್ಚು ಹೊತ್ತು, ಹೆಚ್ಚು ಆಳಕ್ಕೆ ಇರುವುದು. ಇದೇ ಕ್ಲಾಸ್‌ನ ಫೇವರ್ಡ್ ಎನಿಮಿ ಗುಣದ ಪಾಡೂ ಅಷ್ಟೇ: ಆರಿಸಿಕೊಂಡ ಶತ್ರುವಿನ ಜಾಡು ಹಿಡಿಯಲು, ಅವರ ಬಗ್ಗೆ ಗೊತ್ತಿದ್ದದ್ದನ್ನು ನೆನಪಿಸಿಕೊಳ್ಳಲು ಅನುಕೂಲ, ಆದರೆ ಆ ಶತ್ರು ಕಥೆಯಲ್ಲಿ ಬರಬೇಕಲ್ಲ. ದೂರುಗಳು ಎಷ್ಟು ಬಂದವೆಂದರೆ 2016ರಲ್ಲೇ ಪ್ರಯೋಗಕ್ಕೆಂದು ಪರಿಷ್ಕೃತ ರೇಂಜರ್ ಹೊರಬಂತು. 2020ರ ಟಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್ ಪುಸ್ತಕದಲ್ಲಿ ಈ ಎರಡೂ ಗುಣಗಳಿಗೆ ಬದಲಿಗಳನ್ನು ಕೊಟ್ಟರು. ಆ ಬದಲಿಗಳು ಎಲ್ಲ ಕಡೆ ನಡೆಯುತ್ತವೆ. ಯಾವ ಶತ್ರುವನ್ನು ಬೇಕಾದರೂ ಗುರಿಯಾಗಿಸಬಹುದು, ಯಾವ ನೆಲವಾದರೂ ಸರಿ. ಲೆಕ್ಕ ಸರಿಹೋಯಿತು. ಆದರೆ ‘ನಾನು ಕಾಡಿನವಳು’ ಎನ್ನುವ ಮಾತಿಗಿದ್ದ ತೂಕವೂ ಜೊತೆಗೇ ಇಳಿಯಿತು. ಎಲ್ಲೆಡೆ ಸಲ್ಲುವಂತೆ ಸಡಿಲ ಮಾಡಿದರೆ ಪರಿಣತಿ ಪರಿಣತಿಯಾಗಿ ಉಳಿಯುವುದಿಲ್ಲ. ಈ ದಾರಿ ಸುಲಭದ್ದು, ಹಾಗಾಗಿಯೇ ಎಲ್ಲರೂ ಹಿಡಿಯುತ್ತಾರೆ. ನನಗೆ ಮಾತ್ರ ಒಪ್ಪಿಗೆಯಿಲ್ಲ.

ಅದೇ ಗೆಳತಿಯ ಪಾತ್ರದ ಇನ್ನೊಂದು ಸಂಜೆ. ಈ ಸಲವೂ ತಂಡ ದಾರಿ ತಪ್ಪುವುದಿಲ್ಲ, ಹಸಿವೂ ಇಲ್ಲ. ಆದರೆ ಡಿಎಂ ಎಂಟು ದಿನವನ್ನು ಒಂದೇ ಮಾತಿನಲ್ಲಿ ದಾಟಿಸದೆ ಅವಳ ಕಡೆ ತಿರುಗಿ ಕೇಳಿದರು. “ನಿನಗೆ ಮೂರು ದಾರಿ ಕಾಣ್ತಿವೆ, ಬೇರೆಯವರಿಗೆ ಒಂದೇ. ಕಣಿವೆ ಹಿಡಿದರೆ ಎರಡು ದಿನ ಉಳಿಯತ್ತೆ, ಆದರೆ ಬೆಳಗಿನಿಂದ ಆ ಕಡೆ ಒಂದು ಹಕ್ಕಿಯೂ ಕೂಗಿಲ್ಲ. ದಿಣ್ಣೆ ಹತ್ತಿದರೆ ಅಪಾಯ ಇಲ್ಲ, ಆದರೆ ನಿಮ್ಮ ಬೆಂಕಿಯ ಹೊಗೆ ಕೋಟೆಯಿಂದ ಕಾಣತ್ತೆ. ಹೊಳೆಯೊಳಗೇ ನಡೆದರೆ ಹೆಜ್ಜೆ ಗುರುತೇ ಉಳಿಯಲ್ಲ, ಹೇಸರಗತ್ತೆಯನ್ನು ಮಾತ್ರ ಬಿಟ್ಟು ಹೋಗಬೇಕು.”

“ಹಕ್ಕಿ ನಿಂತಿದ್ದು ಒಮ್ಮೆಲೇನಾ, ನಿಧಾನಕ್ಕಾ?” ಅವಳು ಕೇಳಿದಳು.

“ಒಮ್ಮೆಲೇ.”

“ಹಾಗಿದ್ರೆ ಅಲ್ಲಿರೋದು ದೊಡ್ಡದು, ಈಗಷ್ಟೇ ಬಂದಿದೆ. ಎರಡು ದಿನ ಬಿಟ್ರೆ ಹೊರಟು ಹೋಗಬಹುದು.”

ಹೇಸರಗತ್ತೆಯ ಮೇಲೆ ತಂಡದ ಅರ್ಚಕನಿಗೆ ವಿಪರೀತ ಮಮತೆ, ಹೊಳೆ ಬೇಡವೇ ಬೇಡ ಎಂದು ಪಟ್ಟು ಹಿಡಿದ. ಯೋಧನಿಗೆ ಕಣಿವೆಯೇ ಬೇಕು. ಮಾತು ಜೋರಾಯಿತು, ಪ್ರತಿಯೊಬ್ಬರೂ ಅವಳನ್ನೇ ಕೇಳುತ್ತಿದ್ದರು: ಅಲ್ಲಿ ನೀರಿದೆಯಾ, ಇಲ್ಲಿ ರಾತ್ರಿ ತಂಗಬಹುದಾ? ಒಂದೂ ದಾಳ ಬೀಳಲಿಲ್ಲ. ನಿಯಮದ ಒಂದಕ್ಷರ ಬದಲಾಗಲಿಲ್ಲ. ಪರಿಣತಿ ಅವಳಿಗೆ ಉತ್ತರದ ಬದಲು ಬೇರೆಯವರಿಗೆ ಕಾಣದ ಪ್ರಶ್ನೆಗಳನ್ನು ಕೊಟ್ಟಿತು. ಆ ರಾತ್ರಿ ಎಲ್ಲರೂ ಆಡಿದರು, ನಡುವೆ ಇದ್ದವಳು ಅವಳು.

ಒಳ್ಳೆಯ ನಿಯಮ ಇದನ್ನು ಡಿಎಂನ ಒಳ್ಳೆಯತನಕ್ಕೆ ಬಿಡುವುದಿಲ್ಲ, ತಾನೇ ಮಾಡಿಸುತ್ತದೆ. ಸದ್ದಿಲ್ಲದೆ ನುಸುಳುವುದನ್ನೇ ತೆಗೆದುಕೊಳ್ಳಿ. ನಾಲ್ವರು, ಪ್ರತಿಯೊಬ್ಬರಿಗೂ ಶೇ. 60 ಸಾಧ್ಯತೆ ಎಂದಿರಲಿ. ನಾಲ್ವರೂ ಗೆಲ್ಲಲೇಬೇಕು ಎಂದರೆ ಒಟ್ಟು ಸಾಧ್ಯತೆ ಸುಮಾರು ಶೇ. 13ಕ್ಕೆ ಇಳಿಯುತ್ತದೆ. ಕಳ್ಳಿಯೊಬ್ಬಳ ಸಾಧ್ಯತೆಯನ್ನು ಶೇ. 95ಕ್ಕೆ ಏರಿಸಿದರೂ ಶೇ. 20 ಆದೀತು, ಅಷ್ಟೇ. ಪಕ್ಕದಲ್ಲಿ ಕಬ್ಬಿಣ ಝಣಝಣಿಸುತ್ತಿದ್ದರೆ ಅವಳ ಮೆತ್ತನೆ ಹೆಜ್ಜೆಗೆ ಬೆಲೆಯಿಲ್ಲ. ಹಾಗಾಗಿ ಅವಳು ಒಬ್ಬಳೇ ಮುಂದೆ ಹೋಗುತ್ತಾಳೆ, ಮತ್ತೆ ಉಳಿದವರು ಸುಮ್ಮನೆ ಕೂರುತ್ತಾರೆ. ಐದನೇ ಆವೃತ್ತಿಯ ಗುಂಪು ಪರೀಕ್ಷೆಯಲ್ಲಿ ಅರ್ಧದಷ್ಟು ಜನ ಗೆದ್ದರೆ ಎಲ್ಲರೂ ಗೆದ್ದಂತೆ. ಅದೇ ನಾಲ್ವರ ಸಾಧ್ಯತೆ ಶೇ. 82ಕ್ಕೆ ಜಿಗಿಯುತ್ತದೆ. ಚೆನ್ನಾಗಿದೆ. ಆದರೆ ಇಲ್ಲಿ ಕಳ್ಳಿ ನಾಲ್ವರಲ್ಲಿ ಒಬ್ಬಳು, ಅಷ್ಟೇ.

ಜಾನ್ ಹಾರ್ಪರ್ 2017ರಲ್ಲಿ ಪ್ರಕಟಿಸಿದ ಬ್ಲೇಡ್ಸ್ ಇನ್ ದ ಡಾರ್ಕ್ ಎಂಬ ಆಟ ಇದನ್ನು ಇನ್ನೂ ಸೊಗಸಾಗಿ ಕಟ್ಟಿದೆ. ಗುಂಪಾಗಿ ನುಸುಳುವಾಗ ಒಬ್ಬರು ಮುಂದಾಳು. ಎಲ್ಲರೂ ದಾಳ ಹಾಕುತ್ತಾರೆ, ಅದರಲ್ಲಿ ಅತ್ಯುತ್ತಮವಾದದ್ದು ಎಲ್ಲರಿಗೂ ಸಲ್ಲುತ್ತದೆ. ಆದರೆ ದಾಳದಲ್ಲಿ 1ರಿಂದ 3ರೊಳಗೆ ಬಿದ್ದ ಪ್ರತಿಯೊಬ್ಬರಿಗಾಗಿ ಮುಂದಾಳು ಒಂದೊಂದು ಸ್ಟ್ರೆಸ್ (ಒತ್ತಡದ ಅಂಕ) ಹೊರಬೇಕು. ಕಲ್ಪಿಸಿಕೊಳ್ಳಿ: ದಡ್ಡ ಹೆಜ್ಜೆ ಇಟ್ಟ ಗೆಳೆಯನ ಬಾಯಿ ಮುಚ್ಚಿ ಗೋಡೆಗೊತ್ತುವವಳು, ಮಡಕೆ ಬೀಳುವ ಮೊದಲೇ ಹಿಡಿಯುವವಳು ಅವಳೇ. ಪರಿಣತೆ ತಂಡದಿಂದ ಬೇರೆಯಾಗಿ ಮಿಂಚುವುದಿಲ್ಲ; ತಂಡವನ್ನು ಹೊತ್ತು ಮಿಂಚುತ್ತಾಳೆ, ಅದಕ್ಕೆ ಬೆಲೆಯನ್ನೂ ತೆರುತ್ತಾಳೆ.

ಶಕ್ತಿ ಸಮವೇ ಇರಬೇಕೆಂದಿಲ್ಲ ಎಂಬುದಕ್ಕೆ 1987ರ ಆರ್ಸ್ ಮ್ಯಾಜಿಕಾ ಸಾಕು. ಜೋನಾಥನ್ ಟ್ವೀಟ್, ಮಾರ್ಕ್ ರೈನ್-ಹಾಗನ್ ರೂಪಿಸಿದ ಆ ಆಟದಲ್ಲಿ ಮಾಂತ್ರಿಕರು ಉಳಿದವರಿಗಿಂತ ಎಷ್ಟೋ ಪಾಲು ಬಲಶಾಲಿಗಳು, ಅದನ್ನು ಯಾರೂ ಮುಚ್ಚಿಡುವುದಿಲ್ಲ. ಪ್ರತಿ ಆಟಗಾರನಿಗೂ ಒಬ್ಬ ಮಾಂತ್ರಿಕ, ಒಬ್ಬ ಒಡನಾಡಿ. ಗ್ರಾಗ್ ಎಂಬ ಆಳುಕಾಳುಗಳು ಎಲ್ಲರಿಗೂ ಸೇರಿದವರು. ಈ ಕಥೆಯಲ್ಲಿ ನಿನ್ನ ಮಾಂತ್ರಿಕ ಹೊರಡಲಿ, ನಾನು ಆಳಾಗಿ ಬರುತ್ತೇನೆ, ಮುಂದಿನದರಲ್ಲಿ ಅದಲುಬದಲು. ಅಲ್ಲಿ ಸರಿತೂಗುವುದು ಪಾತ್ರಗಳಲ್ಲ, ಆಡುವ ಜನ. ತನಿಖೆಯ ಕಥೆಗಳಿಗೆಂದು ರಾಬಿನ್ ಲಾಸ್ ರೂಪಿಸಿದ ಗಮ್‌ಶೂ ಪದ್ಧತಿಯೂ ಇದೇ ಜಾಡಿನದು. ಸರಿಯಾದ ಪರಿಣತಿ ಇದ್ದವರು ಸರಿಯಾದ ಜಾಗದಲ್ಲಿ ಹುಡುಕಿದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತದೆ, ದಾಳವಿಲ್ಲ. ಇದೂ ನೂರಕ್ಕೆ ನೂರು, ಆದರೆ ಆಟ ಮುಗಿಯುವುದಿಲ್ಲ. ಸುಳಿವು ಸಿಕ್ಕ ಮೇಲೆಯೇ ಆಟ ಶುರು.

ಹಾಗಾದರೆ ಬೀಗ ಬಲ್ಲವಳಿಗಾಗಿ ಕಥೆಯಲ್ಲಿ ಅಲ್ಲಲ್ಲಿ ಬೀಗ ನೆಟ್ಟರೆ ಸಾಕೇ? ಸಾಲದು. ತೆರೆದರೆ ಒಳಗೆ, ತೆರೆಯದಿದ್ದರೆ ಹೊರಗೆ ಎಂಬಂಥ ಬೀಗ ಅವಳಿಗೆ ಕೊಟ್ಟ ಉಡುಗೊರೆಯಲ್ಲ. ನಾನು ಬೀಗವನ್ನು ಕಾಳಗದ ನಡುವೆ ಇಡುತ್ತೇನೆ, ಒಳಗೆ ಮೂರು ಕೊಂಡಿಗಳಿವೆ ಎನ್ನುತ್ತೇನೆ. ಪ್ರತಿ ಸುತ್ತಿನಲ್ಲೂ ಅವಳು ಒಂದನ್ನು ಬಿಡಿಸಬಹುದು, ಇಲ್ಲವೇ ಅವಸರ ಮಾಡಿ ಎರಡನ್ನು ಬಿಡಿಸಲು ನೋಡಬಹುದು. ಅವಸರದಲ್ಲಿ ಸೋತರೆ ಸಲಕರಣೆ ಮುರಿಯುತ್ತದೆ. ಹಿಂದೆ ಕಿರಿದಾದ ಓಣಿಯಲ್ಲಿ ಯೋಧ ಗುರಾಣಿ ಅಡ್ಡ ಹಿಡಿದು ನಿಂತಿದ್ದಾನೆ. “ಇನ್ನೊಂದು ಸುತ್ತು ತಡ್ಕೋತೀಯಾ?” ಎಂದು ಅವಳು ಕೇಳಬೇಕು. ತನ್ನಲ್ಲಿ ಉಳಿದ ಪ್ರಾಣ ನೋಡಿಕೊಂಡು ಅವನು ಉತ್ತರ ಕೊಡಬೇಕು. ಅವನ ಕಸುಬಿಗೂ ಅವಳ ಕಸುಬಿಗೂ ಆಗ ಒಂದೇ ಗಡಿಯಾರ.

ಈಗ ನಮ್ಮ ಗುಂಪಿಗಾಗಿ ನಾವಿಕ ಎಂಬ ಕ್ಲಾಸ್ ಬರೆಯುತ್ತಿದ್ದೇನೆ. ಕಥೆ ಅರ್ಧ ಕಡಲಲ್ಲಿ, ಅರ್ಧ ನೆಲದಲ್ಲಿ, ಹಾಗಾಗಿ ಹಳೆಯ ಪೇಚೇ ಎದುರಿಗಿದೆ. ನೆಲದ ಮೇಲೆ ನಾವಿಕ ಹೆಚ್ಚು ಹೊಡೆಯಲಿ ಎಂದು ಅಂಕ ಸೇರಿಸುವ ಆಸೆಯನ್ನು ಬದಿಗಿಟ್ಟಿದ್ದೇನೆ. ಬದಲಿಗೆ ಮೂರು ಗುಣ ಉಳಿದಿವೆ. ಗಂಟು: ಹಗ್ಗ ಇರುವಲ್ಲೆಲ್ಲ ಏನನ್ನು ಬೇಕಾದರೂ ಯಾವುದಕ್ಕೆ ಬೇಕಾದರೂ ಕಟ್ಟಬಹುದು, ಒಂದೇ ಎಳೆತಕ್ಕೆ ಬಿಚ್ಚುವಂತೆಯೂ ಕಟ್ಟಬಹುದು. ಗಾಳಿ: ದಿನಕ್ಕೊಮ್ಮೆ ಡಿಎಂ ನಾಳೆಯ ಹವೆಯನ್ನು ನಾವಿಕನಿಗೆ ಮಾತ್ರ ಮುಂಚಿತವಾಗಿ ಹೇಳಬೇಕು, ತಂಡಕ್ಕೆ ಹೇಳುವುದು ಬಿಡುವುದು ಅವನಿಗೆ ಬಿಟ್ಟದ್ದು. ಬಂದರು: ಯಾವ ಊರಿಗೆ ಹೋದರೂ ತನಗೆ ಸಾಲ ಹಿಂದಿರುಗಿಸಬೇಕಾದವರೊಬ್ಬರು, ತಾನು ಸಾಲ ತೀರಿಸಬೇಕಾದವರೊಬ್ಬರು ಇದ್ದೇ ಇರುತ್ತಾರೆ. ನಾಲ್ಕನೆಯದಾಗಿ ಈಜು ಬರೆದಿದ್ದೆ, ಹೊಡೆದುಹಾಕಿದ್ದೇನೆ. ನಾವಿಕನ ಹಾಳೆಯಲ್ಲಿ ಅದನ್ನು ಬರೆದ ಕ್ಷಣದಿಂದ ಉಳಿದ ಮೂವರೂ ನೀರು ಕಂಡರೆ ದಡದಲ್ಲೇ ನಿಲ್ಲುತ್ತಾರೆ, ಅವರು ನಿಂತರೆ ನಾನು ಕಥೆಯಲ್ಲಿ ನೀರನ್ನೇ ಬರೆಯುವುದು ಬಿಡುತ್ತೇನೆ. ಈಜು ಎಲ್ಲರಿಗೂ ಬರಲಿ. ಮುಳುಗುತ್ತಿರುವವರನ್ನು ಹಿಡಿದು ಈಜುವುದಷ್ಟೇ ನಾವಿಕನದು, ಹಾಗೆ ಹಿಡಿದಾಗ ಇಬ್ಬರೂ ದಾಳ ಹಾಕಬೇಕು.